ಮಹಾಮನಾ ಪಂಡಿತ ಮದನಮೋಹನ ಮಾಳವೀಯರು

ಅನ್ನದಾನವು ದೊಡ್ಡದೋ ವಿದ್ಯಾದಾನವು ದೊಡ್ಡದೋ ಎಂಬ ಚರ್ಚೆಯು ಪಂಡಿತಸಭೆಗಳಲ್ಲಿ ಬಹುಕಾಲದಿಂದ ನಡೆದುಬಂದಿದೆ. ದೂರದ ಹಳ್ಳಿಯಿಂದ ಬುತ್ತಿಯ ಗಂಟನ್ನು ಹೊತ್ತು ಪಟ್ಟಣದ ಪಾಠಶಾಲೆಯ ಬಾಗಿಲಿಗೆ ಬಂದು ನಿಂತ ಬಡಹುಡುಗನ ಪಾಲಿಗೆ ಈ ಚರ್ಚೆಗೆ ಅರ್ಥವೇ ಇಲ್ಲ. ಗುರುವು ದೊರೆತು ತಂಗಲು ತಾಣವಿಲ್ಲದಿದ್ದರೆ ಅವನು ಮೂರನೆಯ ದಿನ ಊರಿಗೆ ಹಿಂದಿರುಗುವನು. ತಾಣ ದೊರೆತು ಗುರುವಿಲ್ಲದಿದ್ದರೆ ಬರಿಯ ಹೊಟ್ಟೆ ಹೊರೆಯುವನಾಗುವನು. ಆದ್ದರಿಂದಲೇ ನಮ್ಮ ನಾಡಿನ ಮಠಗಳು ಪಾಠಶಾಲೆಯ ಬಳಿಯಲ್ಲಿಯೇ ಪ್ರಸಾದನಿಲಯವನ್ನು ನಡಸುತ್ತ ಬಂದಿವೆ. ಮಠದ ಜಗಲಿಯ ಮೇಲೆ ಮಲಗಿ, ಮಠದ ಪಂಕ್ತಿಯಲ್ಲಿ ಉಂಡು, ಮಠದ ದೀಪದ ಬೆಳಕಿನಲ್ಲಿ ಅಮರಕೋಶವನ್ನು ಬಾಯಿಪಾಠಮಾಡಿದವರಿಗೆ ಇದನ್ನು ವಿಸ್ತರಿಸಿ ಹೇಳಬೇಕಾದುದಿಲ್ಲ.

ಇದೇ ತತ್ತ್ವವನ್ನು ಉತ್ತರದೇಶದಲ್ಲಿ ಮನಗಂಡು, ಅದಕ್ಕಾಗಿ ಭಿಕ್ಷಾಪಾತ್ರೆಯನ್ನು ಹಿಡಿದು ಊರೂರು ತಿರುಗಿ, ವಿದ್ಯಾರ್ಥಿಗಳು ಉಂಡು ಮಲಗಿ ಓದುವ ಒಂದು ನಗರವನ್ನೇ ಗಂಗಾತೀರದಲ್ಲಿ ಕಟ್ಟಿದ ಮಹಾಪುರುಷರು ಪಂಡಿತ ಮದನಮೋಹನ ಮಾಳವೀಯರು. ಅವರ ರಾಜಕೀಯ ಕಾರ್ಯಗಳನ್ನು ಬಲ್ಲವರು ಅನೇಕರಿರುವರು. ವಿದ್ಯಾರ್ಥಿನಿಲಯಗಳಿಗಾಗಿ ಅವರು ಪಟ್ಟ ಶ್ರಮವನ್ನೂ, ಆ ನಿಲಯಗಳಲ್ಲಿಯೇ ಅವರ ಧರ್ಮಕ್ಕೆ ಒದಗಿದ ಪರೀಕ್ಷೆಯನ್ನೂ ಬಲ್ಲವರು ಕಡಮೆ. ಅದನ್ನು ಭಕ್ತಮಹಾಶಯರ ಮುಂದೆ ನಿರೂಪಿಸುವುದೇ ಈ ಲೇಖನದ ಉದ್ದೇಶವು.

ಮಾಳವೀಯರು 1861ನೆಯ ಇಸವಿ ಡಿಸೆಂಬರ್ 25ರಂದು ಪ್ರಯಾಗದಲ್ಲಿ ಜನಿಸಿದರು. ಅವರ ಪೂರ್ವಿಕರು ಮಾಳವದೇಶದಿಂದ ಬಂದು ನೆಲಸಿದವರಾದುದರಿಂದ ಮನೆತನಕ್ಕೆ ಆ ಹೆಸರು ಬಂದಿತು. ತಂದೆ ಬ್ರಜನಾಥರು ಸಂಸ್ಕೃತದಲ್ಲಿ ಪಾರಂಗತರು. ಭಾಗವತದ ಕಥೆಯನ್ನು ಹೇಳಿ, ಶ್ರೋತೃಗಳು ಒಪ್ಪಿಸಿದ ಕಾಣಿಕೆಯಲ್ಲಿ ಸಂಸಾರವನ್ನು ಸಾಗಿಸುತ್ತಿದ್ದರು. ಮಕ್ಕಳು ಹಲವರು, ವರಮಾನ ಅಲ್ಪ. ಆದರೆ ಆಚಾರದಲ್ಲಿ ಮನೆಯು ಸಂಪನ್ನವಾಗಿದ್ದಿತು. ಬಾಲಕನು ಮೊದಲು ಸಂಸ್ಕೃತ ಪಾಠಶಾಲೆಯಲ್ಲಿ ಓದಿ, ಅನಂತರ ಇಂಗ್ಲಿಷ್ ಶಾಲೆಯನ್ನು ಸೇರಿ, ಪ್ರಯಾಗದ ಮ್ಯೂರ್ ಸೆಂಟ್ರಲ್ ಕಾಲೇಜಿನಲ್ಲಿ ವ್ಯಾಸಂಗಮಾಡಿದನು. ಅಲ್ಲಿ ಸಂಸ್ಕೃತಾಧ್ಯಾಪಕರಾಗಿದ್ದ ಪಂಡಿತ ಆದಿತ್ಯರಾಮ ಭಟ್ಟಾಚಾರ್ಯರು ಅವರಿಗೆ ಗುರುಗಳಾಗಿ ದೊರೆತರು. 1884ರಲ್ಲಿ ಕಲ್ಕತ್ತೆಯ ವಿಶ್ವವಿದ್ಯಾನಿಲಯದ ಬಿ. ಎ. ಪರೀಕ್ಷೆಯಲ್ಲಿ ತೇರ್ಗಡೆಯಾದರು. ಮುಂದೆಯೂ ಸಂಸ್ಕೃತವನ್ನು ಓದಬೇಕೆಂಬ ಆಸೆಯಿದ್ದರೂ ಮನೆಯ ಬಡತನವು ಬಿಡಲಿಲ್ಲ. ತಿಂಗಳಿಗೆ 40 ರೂಪಾಯಿಯ ಸಂಬಳಕ್ಕೆ ಅಲ್ಲಿಯ ಸರಕಾರಿ ಹೈಸ್ಕೂಲಿನಲ್ಲಿ ಉಪಾಧ್ಯಾಯರಾದರು. ಹಣವಿಲ್ಲದ ಕಾರಣದಿಂದ ಓದನ್ನು ಅರ್ಧಕ್ಕೆ ನಿಲ್ಲಿಸುವ ನೋವೇನೆಂಬುದನ್ನು ಅವರು ಸ್ವಾನುಭವದಿಂದಲೇ ಅರಿತವರು.

1886ರಲ್ಲಿ ಕಲ್ಕತ್ತೆಯ ಕಾಂಗ್ರೆಸ್ ಅಧಿವೇಶನದಲ್ಲಿ ಅವರು ಮಾಡಿದ ಭಾಷಣವನ್ನು ಕೇಳಿದ ಕಾಲಾಕಾಂಕರದ ರಾಜಾ ರಾಮಪಾಲಸಿಂಹರು ತಮ್ಮ ಹಿಂದೋಸ್ಥಾನ ಪತ್ರಿಕೆಯ ಸಂಪಾದಕತ್ವವನ್ನು 200 ರೂಪಾಯಿಯ ವೇತನದೊಡನೆ ಅವರಿಗೆ ಒಪ್ಪಿಸಿದರು. ರಾಜರಿಗೆ ಮದ್ಯಪಾನದ ಅಭ್ಯಾಸವಿದ್ದಿತು. ಪಾನಮಾಡಿರುವಾಗ ತಮ್ಮನ್ನು ಬಳಿಗೆ ಕರೆಯಕೂಡದೆಂಬ ನಿಬಂಧನೆಯನ್ನು ಹಾಕಿಯೇ ಮಾಳವೀಯರು ಕೆಲಸಕ್ಕೆ ಸೇರಿದ್ದರು. ಒಂದು ದಿನ ಆ ನಿಬಂಧನೆಯು ಮುರಿಯಿತು. ಮಾಳವೀಯರು ಆ ಕೆಲಸವನ್ನು ಬಿಟ್ಟು ಪ್ರಯಾಗಕ್ಕೆ ಹೊರಟುಬಂದರು. ಅನಂತರ ನ್ಯಾಯಶಾಸ್ತ್ರವನ್ನು ಓದಿ, 1893ರಿಂದ ಅಲಹಾಬಾದಿನ ಹೈಕೋರ್ಟಿನಲ್ಲಿ ವಕೀಲಿ ನಡಸಿ, ಕೀರ್ತಿಯನ್ನೂ ಧನವನ್ನೂ ಗಳಿಸಿದರು.

ವಕೀಲರಾಗಿದ್ದ ಈ ಕಾಲದಲ್ಲಿಯೇ ವಿದ್ಯಾರ್ಥಿಗಳ ವಸತಿಯ ಪ್ರಶ್ನೆಯು ಅವರ ಮನಸ್ಸನ್ನು ಹಿಡಿದುದು. ಅಲಹಾಬಾದಿನ ವಿಶ್ವವಿದ್ಯಾನಿಲಯವು 1887ರಲ್ಲಿ ಸ್ಥಾಪಿತವಾಗಿದ್ದಿತು. ಅದಕ್ಕಿಂತ ಹಿಂದಿನವಾದ ಕಲ್ಕತ್ತೆ, ಮುಂಬಯಿ, ಮದರಾಸುಗಳ ವಿಶ್ವವಿದ್ಯಾನಿಲಯಗಳಂತೆ ಅದೂ ಆಗ ಮುಖ್ಯವಾಗಿ ಪರೀಕ್ಷೆಗಳನ್ನು ನಡಸಿ ಪದವಿಗಳನ್ನು ಕೊಡುವ ಸಂಸ್ಥೆಯೇ ಆಗಿದ್ದಿತು. ವಿದ್ಯಾರ್ಥಿಯು ಎಲ್ಲಿ ಮಲಗುವನು, ಏನು ಉಣ್ಣುವನು, ಯಾರ ಸಹವಾಸದಲ್ಲಿ ಸಂಜೆಯನ್ನು ಕಳೆಯುವನು ಎಂಬುದನ್ನು ವಿಚಾರಿಸುವ ಹೊಣೆಯು ಯಾರದೂ ಆಗಿರಲಿಲ್ಲ. ಹೊರಗಿನ ಜಿಲ್ಲೆಗಳಿಂದ ಕಾಲೇಜಿಗೆ ಬಂದ ತರುಣರು ಪೇಟೆಯ ಓಣಿಗಳಲ್ಲಿ ಗಾಳಿ ಬೆಳಕಿಲ್ಲದ ಕೋಣೆಗಳನ್ನು ಬಾಡಿಗೆಗೆ ಹಿಡಿದು, ಕಂಡಲ್ಲಿ ಉಂಡು ದಿನಗಳನ್ನು ನೂಕುತ್ತಿದ್ದರು. ಇಂತಹ ವಾಸದಲ್ಲಿ ಶರೀರವೂ ಕೆಡುವುದು, ಶೀಲವೂ ಸಡಿಲುವುದು. ಮಾಳವೀಯರು ಇದನ್ನು ಕಂಡು ಸುಮ್ಮನಿರಲಾರದೆ ಸಂಯುಕ್ತಪ್ರಾಂತದ ಊರುಗಳಲ್ಲಿ ಸಂಚರಿಸಿ ಹಣವನ್ನು ಕೂಡಿಸಿದರು. ಸರಕಾರದಿಂದಲೂ ಸಹಾಯವನ್ನು ಪಡೆದರು. 1903ರಲ್ಲಿ ಪ್ರಯಾಗದಲ್ಲಿ ಇನ್ನೂರಕ್ಕೂ ಹೆಚ್ಚು ವಿದ್ಯಾರ್ಥಿಗಳಿಗೆ ಸ್ಥಳವಿರುವ ಹಿಂದೂ ಬೋರ್ಡಿಂಗ್ ಹೌಸು ತೆರೆಯಿತು. ಹಿಂದೆ ಪ್ರಾಂತಾಧಿಕಾರಿಗಳಾಗಿದ್ದ ಮ್ಯಾಕ್‌ಡೊನೆಲ್ ಸಾಹೇಬರ ಹೆಸರನ್ನು ಅದಕ್ಕೆ ಇಡಲಾಯಿತು.

ಈ ನಿಲಯವನ್ನು ಕಟ್ಟಿದಾಗ ಮಾಳವೀಯರಿಗೆ ಎರಡು ವಿಷಯಗಳು ಸ್ಥಿರವಾದುವು. ಒಂದನೆಯದು, ಕೇಳುವವನು ತನಗಾಗಿ ಕೇಳದಿದ್ದರೆ ಈ ದೇಶದ ಜನರು ಕೊಡಲು ಹಿಂಜರಿಯುವುದಿಲ್ಲವೆಂಬುದು. ಎರಡನೆಯದು, ಪಾಠದ ಕೋಣೆಯಲ್ಲಿ ಕಳೆಯುವ ನಾಲ್ಕು ಗಂಟೆಗಳಿಗಿಂತ ಉಳಿದ ಇಪ್ಪತ್ತು ಗಂಟೆಗಳೇ ತರುಣನನ್ನು ರೂಪಿಸುವುವು ಎಂಬುದು. ಮೊದಲು ವಿದ್ಯಾಪೀಠವನ್ನು ಕಟ್ಟಿ ಆಮೇಲೆ ಅದಕ್ಕೆ ನಿಲಯಗಳನ್ನು ಸೇರಿಸುವುದು ಲೋಕದ ರೂಢಿ. ಇವರಾದರೋ ಮೊದಲು ನಿಲಯವನ್ನು ಕಟ್ಟಿ, ಅದರಿಂದ ವಿದ್ಯಾಪೀಠದ ಕಲ್ಪನೆಗೆ ಏರಿದರು.

1904ರಲ್ಲಿ ಕಾಶೀನರೇಶರ ಅಧ್ಯಕ್ಷತೆಯಲ್ಲಿ ನೆರೆದ ಸಭೆಯ ಮುಂದೆ ಈ ಕಲ್ಪನೆಯನ್ನು ಇಟ್ಟರು. 1905ರ ಕೊನೆಯಲ್ಲಿ ಕಾಶಿಯಲ್ಲಿ ಕಾಂಗ್ರೆಸ್ಸು ಕೂಡಿದಾಗ ಯೋಜನೆಯನ್ನು ಪ್ರಕಟಿಸಿದರು. 1906ರ ಜನವರಿಯಲ್ಲಿ ಪ್ರಯಾಗದ ಕುಂಭಮೇಳದಲ್ಲಿ ಧರ್ಮಸಭೆಯ ಅನುಮೋದನೆಯನ್ನು ಪಡೆದರು. ಒಂದು ಕೋಟಿ ರೂಪಾಯಿಯನ್ನು ಕೂಡಿಸುವುದು ಗುರಿಯಾಯಿತು. ಆ ಕಾಲದ ಒಂದು ಕೋಟಿಯೆಂದರೆ ಕೇಳಿದವರು ನಗುವ ಮಾತಾಗಿದ್ದಿತು. ಮಾಳವೀಯರು ಫಲವತ್ತಾದ ವಕೀಲಿಯನ್ನು ಬಿಟ್ಟು ಭಿಕ್ಷೆಗೆ ಹೊರಟರು. ಅರಸರ ಅರಮನೆಗೂ ಹೋದರು, ವರ್ತಕರ ಅಂಗಡಿಗೂ ಹೋದರು. ಸಾವಿರಗಳನ್ನೂ ಸ್ವೀಕರಿಸಿದರು, ಕೂಲಿಯವನ ಕಾಸನ್ನೂ ಸ್ವೀಕರಿಸಿದರು. ಜನರು ಅವರನ್ನು ಭಿಕ್ಷುಕರ ಚಕ್ರವರ್ತಿಯೆಂದು ಕರೆದುದು ಈ ಕಾರಣದಿಂದಲೇ. ಜೋಳಿಗೆಯನ್ನು ಹೊತ್ತ ಜಂಗಮರನ್ನು ಕಂಡು ಕೈಮುಗಿಯುವ ನಮ್ಮ ಜನಕ್ಕೆ ಈ ಬಿರುದಿನ ಹಿರಿಮೆಯು ಕೂಡಲೆ ತಿಳಿಯುವುದು. ಭಿಕ್ಷೆಯು ಬೇಡುವವನ ಹೊಟ್ಟೆಗಾದರೆ ದೈನ್ಯ, ದಾಸೋಹಕ್ಕಾದರೆ ಕಾಯಕ.

ಶ್ರೀಮತಿ ಅನೀ ಬೆಸೆಂಟರು 1898ರಲ್ಲಿ ಕಾಶಿಯಲ್ಲಿ ಸ್ಥಾಪಿಸಿದ್ದ ಸೆಂಟ್ರಲ್ ಹಿಂದೂ ಕಾಲೇಜು ಈ ಮಹಾಸಂಸ್ಥೆಯ ಬೀಜವಾಯಿತು. ದರಭಂಗದ ಮಹಾರಾಜ ರಾಮೇಶ್ವರಸಿಂಹರು ಬೆಂಬಲವಾಗಿ ನಿಂತರು. 1915ರ ಅಕ್ಟೋಬರಿನಲ್ಲಿ ಶಾಸನವಾಯಿತು. ಬೋಧನೆಯನ್ನೂ ವಾಸವನ್ನೂ ಒಳಗೊಂಡ ವಿಶ್ವವಿದ್ಯಾನಿಲಯವನ್ನು ಸ್ಥಾಪಿಸುವುದೇ ಉದ್ದೇಶವೆಂದು ಆ ಶಾಸನದ ಆರಂಭದಲ್ಲಿಯೇ ವಿಧಿಸಲಾಯಿತು. ಸಕಲ ವರ್ಗ, ಜಾತಿ, ಮತಗಳವರಿಗೂ ಅದರ ಬಾಗಿಲು ತೆರೆದಿರತಕ್ಕುದೆಂದೂ ಶಾಸನದಲ್ಲಿ ಸೇರಿತು. 1916ರ ಫೆಬ್ರವರಿ 4ರಂದು ವೈಸರಾಯ್ ಲಾರ್ಡ್ ಹಾರ್ಡಿಂಜರು ಅಸ್ತಿಭಾರಶಿಲೆಯನ್ನಿಟ್ಟರು. ನಮ್ಮ ಮೈಸೂರಿನ ಮಹಾರಾಜರಾದ ಶ್ರೀ ನಾಲ್ವಡಿ ಕೃಷ್ಣರಾಜ ಒಡೆಯರವರು ಅದರ ಮೊದಲನೆಯ ಚಾನ್ಸಲರರಾದರೆಂಬುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ. ಅದೇ 1916ರಲ್ಲಿಯೇ ಮೈಸೂರಿನ ವಿಶ್ವವಿದ್ಯಾನಿಲಯವನ್ನೂ ಅವರು ಸ್ಥಾಪಿಸಿದರು.

ಕಾಶಿಯು ನಮಗೆ ಪರದೇಶವಲ್ಲ. ಅಲ್ಲಿಯ ಜಂಗಮವಾಡಿ ಮಠವನ್ನು ನೆನೆಯದ ವೀರಶೈವನಿಲ್ಲ. ಶಾಸ್ತ್ರಾಭ್ಯಾಸಕ್ಕಾಗಿ ಕರ್ನಾಟಕದಿಂದ ಹೋದ ವಟುಗಳಿಗೆ ಅದು ತಾಯಿಮನೆಯಾಗಿ ನಡೆದುಬಂದಿದೆ. ಆ ಮಠವಿರುವ ಹಳೆಯ ಪೇಟೆಯಿಂದ ದಕ್ಷಿಣಕ್ಕೆ ಸಾಗಿ, ಗಂಗೆಯ ದಡದ ಬಯಲನ್ನು ಸೇರಿದರೆ ವಿಶ್ವವಿದ್ಯಾನಿಲಯದ ಹೆಬ್ಬಾಗಿಲು ಕಾಣುವುದು. ಕಾಶೀನರೇಶರ ಔದಾರ್ಯದಿಂದ ದೊರೆತ ಸುಮಾರು 1300 ಎಕರೆಗಳ ಆ ಬಯಲಿನಲ್ಲಿ ಅರ್ಧಚಂದ್ರಾಕಾರವಾಗಿ ರಸ್ತೆಗಳನ್ನು ಎಳೆದರು. ಒಂದು ಕಮಾನಿನಲ್ಲಿ ಕಾಲೇಜುಗಳು, ಮತ್ತೊಂದರಲ್ಲಿ ವಿದ್ಯಾರ್ಥಿನಿಲಯಗಳು, ಅವುಗಳ ನಡುವೆ ಆಟದ ಬಯಲುಗಳು, ಇನ್ನೂ ಹೊರಗಡೆ ಅಧ್ಯಾಪಕರ ಮನೆಗಳು. ಹುಡುಗನು ನಿಲಯದಿಂದ ಹೊರಟರೆ ಆಟದ ಬಯಲನ್ನು ದಾಟಿ ಪಾಠಕ್ಕೆ ಹೋಗಬೇಕು. ಪಾಠದಿಂದ ಹೊರಟರೆ ಅದೇ ಬಯಲನ್ನು ದಾಟಿ ಊಟಕ್ಕೆ ಬರಬೇಕು. ಗುರುವಿನ ಮನೆಯೂ ಕೂಗಳತೆಯಲ್ಲಿಯೇ ಇರುವುದು. ಗುರುಕುಲದ ಹಳೆಯ ಕಲ್ಪನೆಯು ಹೀಗೆ ಹೊಸ ಕಾಲದ ನಕ್ಷೆಯಲ್ಲಿ ಇಳಿಯಿತು. ನಿಲಯಗಳು ಅಂಗಳದ ಸುತ್ತಲೂ ಮೊಗಸಾಲೆ, ಮೊಗಸಾಲೆಯ ಹಿಂದೆ ಕೋಣೆಗಳು ಎಂಬ ಕ್ರಮದಲ್ಲಿ ಎದ್ದವು. ಬಿರ್ಲಾ, ರೂಯಿಯಾ, ಲಿಂಬಡಿ, ರಾಜಪುತಾನಾ, ಬ್ರೋಚಾ ಎಂಬ ಅವುಗಳ ಹೆಸರುಗಳನ್ನು ಕೇಳಿದರೆ ಸಾಕು, ಆ ಭಿಕ್ಷೆಯು ಎಷ್ಟೆಷ್ಟು ದೂರದಿಂದ ಬಂದಿತೆಂಬುದು ತಿಳಿಯುವುದು.

1919ರ ಕೊನೆಯಲ್ಲಿ ಮಾಳವೀಯರು ವೈಸ್ ಚಾನ್ಸಲರರಾಗಿ 1938ರ ವರೆಗೆ ಆ ಪದವಿಯಲ್ಲಿದ್ದರು. ನಡುನಡುವೆ ಶಾಸನಸಭೆ, ಕಾಂಗ್ರೆಸ್ಸು, ಸೆರೆಮನೆ ಇವು ಅವರನ್ನು ಎಳೆದೊಯ್ಯುತ್ತಿದ್ದುವು. ಆದರೆ ಕಾಶಿಯಲ್ಲಿದ್ದಾಗ ಅವರು ಆ ದೊಡ್ಡ ಮನೆಯ ಯಜಮಾನರಾಗಿಯೇ ಬಾಳಿದರು. ಬಿಳಿಯ ಪೇಟ, ಬಿಳಿಯ ಅಂಗಿ, ಕೊರಳಲ್ಲಿ ಇಳಿಬಿಟ್ಟ ಉತ್ತರೀಯ, ಹಣೆಯಲ್ಲಿ ಗಂಧ. ಹೀಗೆ ಅವರು ನಿಲಯಗಳ ಮೊಗಸಾಲೆಗಳಲ್ಲಿ ನಡೆದುಬರುತ್ತಿದ್ದರು. ಹುಡುಗರಿಗೆ ಹಾಲು ಸಾಕಷ್ಟು ದೊರೆಯುವುದೆ, ವ್ಯಾಯಾಮವನ್ನು ಮಾಡುವರೆ ಎಂದು ವಿಚಾರಿಸುವರು. ಕಾಯಿಲೆಯಿಂದ ಮಲಗಿದವನ ಬಳಿ ಕುಳಿತು ತಲೆಯನ್ನು ಸವರುವರು. ಶುಲ್ಕವನ್ನು ತೆರಲಾರದ ಬಡವನು ಬಂದು ನಿಂತರೆ, ನಿಯಮವು ಅಡ್ಡವಾದರೂ ಅವನನ್ನು ಬರಿಗೈಯಲ್ಲಿ ಕಳುಹಿಸಲು ಅವರ ಮನಸ್ಸು ಒಡಂಬಡುತ್ತಿರಲಿಲ್ಲ. ಏಕಾದಶಿಯ ದಿನ ತಂದೆಯಂತೆ ತಾವೂ ಭಾಗವತವನ್ನು ಹೇಳುವರು; ಭಾನುವಾರ ಗೀತೆಯ ಪ್ರವಚನ ನಡೆಯುವುದು. ಒಂದೆಡೆ ವೇದಶಾಸ್ತ್ರಗಳ ವಿದ್ಯಾಲಯವಿದ್ದರೆ ಇನ್ನೊಂದೆಡೆ 1919ರಲ್ಲಿ ಮೊದಲಾದ ಇಂಜಿನಿಯರಿಂಗ್ ಕಾಲೇಜು ಇದ್ದಿತು. ನ್ಯಾಯಶಾಸ್ತ್ರದ ಅವಚ್ಛೇದಕವನ್ನು ಚಿಂತಿಸುವವನೂ ವಿದ್ಯುದ್ಯಂತ್ರವನ್ನು ಬಿಚ್ಚಿ ಕೂಡಿಸುವವನೂ ಸಂಜೆ ಒಂದೇ ಬಯಲಿನಲ್ಲಿ ಆಡಿದರು. 1929ರಲ್ಲಿ ಸ್ತ್ರೀಯರಿಗೂ ಪ್ರತ್ಯೇಕ ಕಾಲೇಜು ವಸತಿಯೊಡನೆ ಏರ್ಪಟ್ಟಿತು.

ಇಷ್ಟು ಹೇಳಿ ನಿಲ್ಲಿಸಿದರೆ ಇದು ಬರಿಯ ಸ್ತೋತ್ರವಾಗುವುದು. ಮಹಾಪುರುಷರ ಚರಿತ್ರೆಯನ್ನು ಬರೆಯುವವನು ಅವರ ಕಷ್ಟವನ್ನೂ ಬರೆಯಬೇಕು. ಒಂದು ಸೂರಿನ ಕೆಳಗೆ ಹಲವರು ವಾಸಮಾಡುವಲ್ಲಿ ಓದಿನಲ್ಲಾಗಲಿ ಆಟದಲ್ಲಾಗಲಿ ತೊಡಕು ಬರುವುದು ಅಪೂರ್ವ. ತೊಡಕು ಬರುವುದು ಊಟದ ಪಂಕ್ತಿಯಲ್ಲಿ. ಮಾಳವೀಯರು ಆಚಾರದಲ್ಲಿ ಅತಿನಿಷ್ಠರು. ಅನ್ಯರು ಬೇಯಿಸಿದ ಅನ್ನವನ್ನು ಅವರು ಮುಟ್ಟುತ್ತಿರಲಿಲ್ಲ. 1931ರಲ್ಲಿ ದುಂಡುಮೇಜಿನ ಪರಿಷತ್ತಿಗಾಗಿ ಗಾಂಧಿಯವರೊಡನೆ ಸಮುದ್ರವನ್ನು ದಾಟಿ ಲಂಡನ್ನಿಗೆ ಹೋದಾಗಲೂ ಗಂಗಾಜಲವನ್ನು ಜೊತೆಯಲ್ಲಿ ಒಯ್ದರು. ವರ್ಣಾಶ್ರಮದ ಕಟ್ಟನ್ನು ಅವರು ಬಿಟ್ಟುಕೊಡಲಿಲ್ಲ. ಆದರೂ ಆ ಕಟ್ಟಿನ ಹೊರಗೆ ನಿಂತವರ ದುಃಖವನ್ನು ಕಂಡು ಅವರ ಹೃದಯವು ಕರಗುತ್ತಿದ್ದಿತು. 1920ರ ದಶಕದ ಕಡೆಯ ವರ್ಷಗಳಲ್ಲಿ ಅವರು ಕಾಶಿಯ ದಶಾಶ್ವಮೇಧ ಘಾಟಿನಲ್ಲಿ ಕುಳಿತು, ಅಸ್ಪೃಶ್ಯರೆನಿಸಿಕೊಂಡವರೂ ಸೇರಿದಂತೆ ಬಂದವರೆಲ್ಲರಿಗೂ ಮಂತ್ರದೀಕ್ಷೆಯನ್ನು ಕೊಟ್ಟರು. ಪಂಡಿತರು ಕೆಲವರ ತೀವ್ರವಾದ ವಿರೋಧವನ್ನೂ ನಿಂದೆಯನ್ನೂ ತಾಳಿಕೊಂಡರು. ಶಿವನ ಮಂತ್ರವು ಯಾರ ಕಿವಿಗೂ ನಿಷಿದ್ಧವಲ್ಲವೆಂಬುದನ್ನು ನಮ್ಮ ಶರಣರು ಎಂಟು ಶತಮಾನಗಳ ಹಿಂದೆಯೇ ಸಾರಿದ್ದರು. ಕಾಶಿಯ ಘಾಟಿನಲ್ಲಿ, ನಿಷ್ಠಾವಂತ ಬ್ರಾಹ್ಮಣರೊಬ್ಬರ ಬಾಯಿಂದ ಅದು ಹೊರಟುದು ಸಾಮಾನ್ಯವಾದ ಸಂಗತಿಯಲ್ಲ.

ಆದರೆ ಘಾಟಿನ ಕಾರ್ಯವು ಒಂದು ದಿನದ್ದು, ನಿಲಯದ ಬಾಳು ದಿನದಿನದ್ದು. 1925ರ ಸುಮಾರಿನಲ್ಲಿ ಮಾಳವೀಯರು ಬಿಹಾರದ ಆರಾ ಎಂಬ ಊರಿಗೆ ಹೋಗಿದ್ದಾಗ ಅಲ್ಲಿಯ ಶಾಲೆಯ ಒಬ್ಬ ಹುಡುಗನು ಅವರಿಗೆ ಸ್ವಾಗತಪತ್ರವನ್ನು ಓದಿದನು. ಹುಡುಗನು ಚಮ್ಮಾರ ಕುಲದವನು. ಅವನ ವಾಕ್ಚಾತುರ್ಯಕ್ಕೆ ಮೆಚ್ಚಿ, ಕಾಶಿಗೆ ಬಂದು ಓದಬೇಕೆಂದು ಅವರೇ ಕರೆದರು. ಅವನು ಬಂದನು. ವಿದ್ಯಾರ್ಥಿವೇತನವೂ ದೊರೆಯಿತು, ಪಾಠಪ್ರವಚನಗಳಿಗೆ ಅಡ್ಡಿಯಿರಲಿಲ್ಲ. ಆದರೆ ನಿಲಯದಲ್ಲಿ ಅವನಿಗೆ ಬಡಿಸುವವರಿಲ್ಲವಾದರು. ಉಳಿದವರಿಗೆ ಸಲ್ಲುತ್ತಿದ್ದ ಸೇವೆಯು ಅವನಿಗೆ ಸಲ್ಲಲಿಲ್ಲ. ಊರಿನ ನಾಯಿಂದನು ಅವನ ತಲೆಯನ್ನು ಕ್ಷೌರಮಾಡಲು ಒಪ್ಪಲಿಲ್ಲ. ಕರೆದವರು ಸ್ವತಃ ವೈಸ್ ಚಾನ್ಸಲರರು. ಬಾಗಿಲು ಎಲ್ಲರಿಗೂ ತೆರೆದಿದೆಯೆಂದು ಶಾಸನವು ವಿಧಿಸಿದ್ದಿತು. ಆದರೂ ಅಡಿಗೆಯ ಮನೆಯವರೆಗೆ ಅವೆರಡರ ಶಕ್ತಿಯೂ ಮುಟ್ಟಲಿಲ್ಲ. ಆ ತರುಣನು ಅನ್ಯಾಯವನ್ನು ಕಂಡು ಸುಮ್ಮನೆ ತಲೆಬಾಗಿಸಿದವನಲ್ಲ, ಅದನ್ನು ಪ್ರತಿಭಟಿಸಿದನು. ಅಲ್ಲಿಯ ಪರೀಕ್ಷೆಯನ್ನು ಮುಗಿಸಿ, ಮುಂದಿನ ಓದಿಗೆ ಕಲ್ಕತ್ತೆಗೆ ಹೋದನು. ಮುಂದೆ ಸ್ವತಂತ್ರಭಾರತದ ಮೊದಲನೆಯ ಮಂತ್ರಿಮಂಡಲದಲ್ಲಿ ಸ್ಥಾನವನ್ನು ಪಡೆದು, ಕಡೆಗೆ ಉಪಪ್ರಧಾನಿಯ ಪದವಿಗೆ ಏರಿದ ಬಾಬು ಜಗಜೀವನರಾಮರೇ ಆ ಹುಡುಗನು.

ಈ ಸಂಗತಿಯಿಂದ ಮಾಳವೀಯರ ಕೀರ್ತಿಗೆ ಕುಂದೆಂದು ಕೆಲವರು ಹೇಳುವರು. ಇದನ್ನು ಮರೆಯುವುದೇ ಲೇಸೆಂದು ಮತ್ತೆ ಕೆಲವರು ಹೇಳುವರು. ನಮಗೆ ಎರಡೂ ಸರಿಯೆಂದು ತೋರುವುದಿಲ್ಲ. ಆ ಹುಡುಗನನ್ನು ಕರೆತರುವಷ್ಟು ವಿಶಾಲವಾದ ಮನಸ್ಸು ಆ ಕಾಲದ ಆಚಾರವಂತರಲ್ಲಿ ಎಷ್ಟು ಮಂದಿಗಿದ್ದಿತು? ಆದರೆ ಕರೆದವರು ಪಂಕ್ತಿಯಲ್ಲಿ ಅವನ ಪಕ್ಕದಲ್ಲಿ ಕುಳಿತು ಒಂದು ತುತ್ತನ್ನು ಎತ್ತಿದ್ದರೆ ಬಡಿಸುವವನ ಕೈ ಹಿಂಜರಿಯುತ್ತಿತ್ತೆ? ಅವರ ವ್ರತವು ಅದಕ್ಕೆ ಎಡೆಗೊಡಲಿಲ್ಲ. ಕೋಟಿ ರೂಪಾಯಿಯ ಭಿಕ್ಷೆಯನ್ನು ಎತ್ತಿದ ಕೈಗೆ ಆ ಒಂದು ತುತ್ತು ಭಾರವಾಯಿತು. ನಿಲಯವನ್ನು ಕಟ್ಟುವುದಕ್ಕೆ ಹಣ ಸಾಕು. ಅದರಲ್ಲಿರುವವರು ಒಂದು ಮನೆಯವರಾಗುವುದಕ್ಕೆ ಹಿರಿಯನು ತಾನೇ ಮೊದಲು ಬಂದು ಪಂಕ್ತಿಯಲ್ಲಿ ಕುಳಿತುಕೊಳ್ಳಬೇಕು.

ಪರರ ಪಂಕ್ತಿಯನ್ನು ಪರೀಕ್ಷಿಸುವ ಮುನ್ನ ನಮ್ಮ ಪಂಕ್ತಿಯನ್ನೂ ನೋಡಿಕೊಳ್ಳುವುದು ಯುಕ್ತ. ಕರ್ನಾಟಕದ ಹಳೆಯ ವಿದ್ಯಾರ್ಥಿನಿಲಯಗಳಲ್ಲಿ ಬಹುಪಾಲು ಒಂದೊಂದು ಜಾತಿಯವರು ತಮ್ಮ ತಮ್ಮ ಮಕ್ಕಳಿಗಾಗಿ ಸ್ಥಾಪಿಸಿದವುಗಳೇ. ಆ ಕಾಲಕ್ಕೆ ಅವುಗಳಿಂದಾದ ಉಪಕಾರವು ಅಪಾರ. ಅವಿಲ್ಲದಿದ್ದರೆ ಎಷ್ಟೋ ರೈತರ ಮಕ್ಕಳು ಅಕ್ಷರದ ಮುಖವನ್ನೇ ಕಾಣುತ್ತಿರಲಿಲ್ಲ. ಆದರೂ ದಾಸೋಹದ ತತ್ತ್ವವನ್ನು ಬಾಯಲ್ಲಿ ಹೇಳುವ ನಾವು, ಹೊಸ ಹುಡುಗನು ಬಾಗಿಲಿಗೆ ಬಂದಾಗ ಮೊದಲು ಅವನ ಹಸಿವನ್ನು ಕೇಳಿದೆವೋ ಕುಲವನ್ನು ಕೇಳಿದೆವೋ ಎಂಬುದನ್ನು ಒಬ್ಬೊಬ್ಬರೂ ತಮ್ಮ ಮನಸ್ಸನ್ನು ಮುಟ್ಟಿ ನೋಡಿಕೊಳ್ಳಬೇಕು. ಬಂದವನನ್ನು ಯಾರವನೆಂದು ಕೇಳದೆ ಪಂಕ್ತಿಯಲ್ಲಿ ಕೂಡಿಸಿದ ಮಠಗಳು ನಮ್ಮಲ್ಲಿ ಉಂಟೆಂಬುದು ನಮ್ಮ ಪುಣ್ಯ.

ಮಾಳವೀಯರ ಮಿಕ್ಕ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳಬಹುದು. 1909, 1918, 1932 ಮತ್ತು 1933ರ ಕಾಂಗ್ರೆಸ್ ಅಧಿವೇಶನಗಳಿಗೆ ಅವರು ಅಧ್ಯಕ್ಷರಾಗಿ ಆಯ್ಕೆಯಾದರು. ಚೌರೀಚೌರಾದ ಮೊಕದ್ದಮೆಯಲ್ಲಿ ಮರಣದಂಡನೆಗೆ ಗುರಿಯಾಗಿದ್ದವರ ಪಕ್ಷದಲ್ಲಿ, ಬಿಟ್ಟಿದ್ದ ವಕೀಲಿಯ ಅಂಗಿಯನ್ನು ಮತ್ತೆ ತೊಟ್ಟು ವಾದಿಸಿ, ಅನೇಕರ ಪ್ರಾಣವನ್ನು ಉಳಿಸಿದರು. 1938ರಲ್ಲಿ ವೃದ್ಧಾಪ್ಯದ ಕಾರಣ ವೈಸ್ ಚಾನ್ಸಲರರ ಪದವಿಯನ್ನು ಬಿಟ್ಟರು. 1939ರಲ್ಲಿ ಅದು ಡಾಕ್ಟರ್ ಸರ್ವೆಪಲ್ಲಿ ರಾಧಾಕೃಷ್ಣನ್ನರಿಗೆ ಬಂದಿತು. 1942ರ ಚಳವಳಿಯಲ್ಲಿ ವಿದ್ಯಾರ್ಥಿಗಳು ಧುಮುಕಿದಾಗ ಸೈನ್ಯವು ವಿಶ್ವವಿದ್ಯಾನಿಲಯದ ಆವರಣವನ್ನು ಹೊಕ್ಕಿತು, ನಿಲಯಗಳು ಬರಿದಾದುವು. ಎಂಬತ್ತು ವರ್ಷದ ಮುದುಕರು ತಾವು ಕಾಸುಕಾಸು ಬೇಡಿ ತುಂಬಿಸಿದ ಮನೆಯು ಹೀಗೆ ಬರಿದಾದುದನ್ನು ಕಣ್ಣಾರೆ ಕಂಡರು; ಮರಳಿ ತುಂಬಿದುದನ್ನೂ ಕಂಡರು. 1946ರ ನವೆಂಬರ್ 12ರಂದು ಕಾಶಿಯಲ್ಲಿಯೇ ದೇಹವನ್ನು ಬಿಟ್ಟರು. ಸ್ವಾತಂತ್ರ್ಯವು ಇನ್ನು ಒಂಬತ್ತು ತಿಂಗಳ ದಾರಿಯಲ್ಲಿದ್ದಿತು. ಭಾರತ ಸರಕಾರವು 2014ರ ಡಿಸೆಂಬರಿನಲ್ಲಿ ಅವರಿಗೆ ಮರಣೋತ್ತರವಾಗಿ ಭಾರತರತ್ನ ಪ್ರಶಸ್ತಿಯನ್ನು ಘೋಷಿಸಿತು.

ಅವರು ಕಟ್ಟಿದ ನಿಲಯಗಳು ಇಂದಿಗೂ ತುಂಬಿವೆ; ನಾಡಿನ ನಾನಾ ಭಾಗಗಳ ಮಕ್ಕಳು ಅಲ್ಲಿ ಉಂಡು ಮಲಗಿ ಓದುತ್ತಿರುವರು. ಉಡುಪಿಯ ಕಡೆಯ ಹಳ್ಳಿಯೊಂದರಲ್ಲಿ ಹುಟ್ಟಿ, ಮುಂದೆ ಭಾರತದ ಮೊದಲ ಕೃತಕ ಉಪಗ್ರಹವಾದ ಆರ್ಯಭಟದ ನಿರ್ಮಾಣವನ್ನು ನಡಸಿದ ಶ್ರೀ ಯು. ಆರ್. ರಾಯರೂ ಎಂ. ಎಸ್‌ಸಿ. ಪದವಿಗಾಗಿ ಆ ಕಾಶಿಯಲ್ಲಿಯೇ ಓದಿದವರು. ಹೀಗೆ ಒಬ್ಬ ಭಿಕ್ಷುಕನ ಜೋಳಿಗೆಗೆ ಬಿದ್ದ ಕಾಸು ಕನ್ನಡನಾಡಿಗೂ ಫಲವನ್ನು ಕೊಟ್ಟಿತು.

ಭಕ್ತಮಹಾಶಯರೆ, ಮಠದ ಪ್ರಸಾದನಿಲಯಕ್ಕೆ ನೀವು ಒಪ್ಪಿಸುವ ಒಂದು ಚೀಲ ಜೋಳವೂ ಇಂತಹುದೇ. ಅದನ್ನು ಒಪ್ಪಿಸಿದ ದಿನ ನಿಲಯದ ಒಳಗೂ ಬನ್ನಿರಿ. ಹುಡುಗರ ಪಂಕ್ತಿಯಲ್ಲಿ, ಎಲ್ಲರಿಗಿಂತ ಬಡವನಾದವನ ಪಕ್ಕದಲ್ಲಿ ಕುಳಿತು ಪ್ರಸಾದವನ್ನು ಸ್ವೀಕರಿಸಿರಿ. ಮಹಾಮನಾ ಎಂಬ ಬಿರುದಿನಿಂದ ಲೋಕವು ಪೂಜಿಸಿದ ಆ ಪುಣ್ಯಪುರುಷರು ಬಾಳಿನಲ್ಲಿ ಸಾಧಿಸಿದ ಕಾರ್ಯವೂ, ಸಾಧಿಸದೆ ಉಳಿಸಿಹೋದ ಕಾರ್ಯವೂ ಅಷ್ಟರಲ್ಲಿಯೇ ಅಡಗಿವೆ.

ಇತಿ ಶಿವಂ.